ಉಳಿದಷ್ಟು ದನಿಯಲ್ಲಿ

ಪಾಂಡವಪುರದ ಬಸ್ ನಿಲ್ದಾಣದಿಂದ ಸ್ವಲ್ಪ ಮೇಲಕ್ಕೆ, ಬೀಜ-ಗೊಬ್ಬರದ ಅಂಗಡಿಯೊಂದರ ಮಹಡಿಯಲ್ಲಿ ನಾನು ಕೆಲಸಕ್ಕಿದ್ದ ಸೇವಾ ಟ್ರಸ್ಟಿನ ಕಚೇರಿ ಇತ್ತು. ಎರಡೇ ಕೋಣೆ. ಮುಂದಿನದರಲ್ಲಿ ಟ್ರಸ್ಟಿನ ಕಾರ್ಯದರ್ಶಿಗಳ ಮೇಜು. ಹಿಂದಿನದರಲ್ಲಿ ಒಂದು ಕಂಪ್ಯೂಟರ್, ಅದರೊಳಗೆ ಕೂರಿಸಿದ್ದ ಧ್ವನಿ ಕಾರ್ಡು, ಅಲ್ಲಿಂದ ಗೋಡೆಗೆ ಹೋದ ನಾಲ್ಕು ಟೆಲಿಫೋನ್ ತಂತಿಗಳು. ಯಾರಾದರೂ ನಮ್ಮ ನಂಬರಿಗೆ ಫೋನ್ ಮಾಡಿದರೆ ಕಂಪ್ಯೂಟರೇ ಎತ್ತಿಕೊಂಡು, ಮೊದಲೇ ಮುದ್ರಿಸಿಟ್ಟಿದ್ದ ಹೆಂಗಸಿನ ದನಿಯಲ್ಲಿ ‘ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ’ ಎನ್ನುತ್ತಿತ್ತು. ಒತ್ತಿದರೆ ಮುಂದಿನ ಮಾತು. ಹೀಗೆ ಒತ್ತುತ್ತ ಹೋದರೆ ನಾಲೆಗೆ ನೀರು ಯಾವತ್ತು ಬಿಡುತ್ತಾರೆ, ದನದ ಡಾಕ್ಟರು ಯಾವ ಊರಿಗೆ ಯಾವ ದಿನ ಬರುತ್ತಾರೆ, ಯಾವ ಆಸ್ಪತ್ರೆಯಲ್ಲಿ ಯಾವ ಚುಚ್ಚುಮದ್ದು ಸಿಗುತ್ತದೆ ಎಂಬುದೆಲ್ಲ ತಿಳಿಯಬೇಕು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಊರೂರಿಗೆ ಎಸ್‌ಟಿಡಿ ಬೂತುಗಳು ಬಂದಿದ್ದವು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಜನ ಒಂದು ವಿಷಯ ಕೇಳಲು ಇಡೀ ದಿನ ಕಳೆದುಕೊಂಡು ಕಚೇರಿಗೆ ಅಲೆಯುವುದು ತಪ್ಪಲಿ ಎಂಬುದು ಟ್ರಸ್ಟಿನ ಆಸೆ. ಅದನ್ನು ಕಟ್ಟಿ ನಡೆಸುವ ಕೆಲಸ ನನ್ನದು.

ದನಿ ಕೊಟ್ಟವರು ಶ್ರೀರಂಗಪಟ್ಟಣದ ಒಬ್ಬ ಹೈಸ್ಕೂಲು ಕನ್ನಡ ಮೇಡಂ. ದೇವಸ್ಥಾನದ ಬೀದಿಯಲ್ಲಿ ಅವರ ಮನೆ. ಯಜಮಾನರು ದೇವಸ್ಥಾನದಲ್ಲಿ ಪರಿಚಾರಕರಾಗಿದ್ದರು. ಗಮಕ ಕಲಿತಿದ್ದ ಮೇಡಂ ದನಿ ಸಣ್ಣದಲ್ಲ, ದಪ್ಪವೂ ಅಲ್ಲ. ‘ಳ’ ಎಂದರೆ ‘ಳ’ ಆಗಿಯೇ ಕೇಳಿಸುತ್ತಿತ್ತು. ಕಿಟಕಿಗೆ ಹಾಸಿಗೆ ಆನಿಸಿ, ಫ್ಯಾನು ನಿಲ್ಲಿಸಿ, ಕೆಳಗೆ ಗೊಬ್ಬರದ ಮೂಟೆ ಇಳಿಸುವವರನ್ನು ಸ್ವಲ್ಪ ತಡೆಯಲು ಹೇಳಿ ಮುದ್ರಿಸಿಕೊಳ್ಳುತ್ತಿದ್ದೆ. ಬೆವರುತ್ತ ಕೂತಿದ್ದರೂ ಮೇಡಂ ನಗುತ್ತಲೇ ಓದುತ್ತಿದ್ದರು. “ಮಕ್ಕಳಿಗೆ ಪಾಠ ಹೇಳೋದಕ್ಕಿಂತ ಇದೇ ಸುಖ ಕಣಮ್ಮ. ಯಾರೂ ಎದುರು ಮಾತಾಡಲ್ಲ” ಎನ್ನುತ್ತಿದ್ದರು.

ಏನನ್ನು ಯಾವುದರ ಕೆಳಗೆ ಇಡಬೇಕೆಂದು ನಿರ್ಧರಿಸಿದ್ದು ಕಾರ್ಯದರ್ಶಿಗಳು. ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಬಂದಿದ್ದ ಅವರು ಒಳ್ಳೆಯ ಮನುಷ್ಯ, ಆದರೆ ಲೋಕವನ್ನು ಇಲಾಖೆಗಳ ಮೂಲಕವೇ ಕಂಡವರು. ಒಂದು ಒತ್ತಿದರೆ ಕೃಷಿ ಇಲಾಖೆ. ಎರಡು, ಪಶುಸಂಗೋಪನಾ ಇಲಾಖೆ. ಮೂರು, ನೀರಾವರಿ ಇಲಾಖೆ. ನಾಲ್ಕು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ. ಒಳಗೆ ಹೋದರೆ ಮತ್ತೆ ವಿಭಾಗ, ಅದರೊಳಗೆ ಉಪವಿಭಾಗ. ನನಗೂ ಆಗ ಅದು ಅಚ್ಚುಕಟ್ಟಾಗಿಯೇ ಕಂಡಿತ್ತು. ಮಾಹಿತಿ ಕೊಟ್ಟವರು ಇಲಾಖೆಯವರು, ಅವರ ಹೆಸರಿನಲ್ಲಿ ಜೋಡಿಸದೆ ಇನ್ನು ಹೇಗೆ ಜೋಡಿಸುವುದು?

ಶುರುವಾದ ಮೇಲೆ ಕರೆಗಳು ಬಂದವು. ಆದರೆ ಅರ್ಧದಲ್ಲೇ ಕಡಿದುಹೋಗುತ್ತಿದ್ದವು. ಕರೆ ಮಾಡಿದವರು ಎಲ್ಲಿಯವರೆಗೆ ಬಂದು ಫೋನ್ ಇಟ್ಟರೆಂದು ಕಂಪ್ಯೂಟರ್ ಗುರುತು ಇಟ್ಟುಕೊಳ್ಳುತ್ತಿತ್ತು. ಹೆಚ್ಚಿನವರು ಎರಡನೆಯ ಮೆಟ್ಟಿಲು ದಾಟುತ್ತಿರಲಿಲ್ಲ. ಮೊದಲು ಯಂತ್ರವನ್ನೇ ಅನುಮಾನಿಸಿದೆ. ಹಳೆಯ ಚಕ್ರ ತಿರುಗಿಸುವ ಫೋನುಗಳಿಂದ ನಮ್ಮ ಯಂತ್ರಕ್ಕೆ ಅಂಕಿ ತಿಳಿಯುತ್ತಿರಲಿಲ್ಲ. ಗುಂಡಿ ಒತ್ತುವ ಫೋನಿಗೂ ತಳದಲ್ಲಿ ಒಂದು ಸಣ್ಣ ಸ್ವಿಚ್ಚು ಸರಿಸಬೇಕಿತ್ತು. ಬೂತು ಬೂತಿಗೆ ಹೋಗಿ ಸ್ವಿಚ್ಚು ಸರಿಸಿ ಬಂದೆ. ಆಮೇಲೂ ಕರೆಗಳು ಕಡಿಯುತ್ತಲೇ ಇದ್ದವು. ಕಡೆಗೆ, ಜನ ಫೋನ್ ಹಿಡಿದು ಏನು ಮಾಡುತ್ತಾರೆಂದು ಕಣ್ಣಾರೆ ನೋಡೋಣವೆಂದು ಬೂತುಗಳಲ್ಲೇ ಕೂರತೊಡಗಿದೆ.

ಕೆ.ಆರ್. ಪೇಟೆಯ ಬಸ್ ನಿಲ್ದಾಣದ ಬೂತಿನಲ್ಲಿ ಕೂತಿದ್ದ ದಿನ ಹೇಮಗಿರಿ ಕಡೆಯ ರೈತರೊಬ್ಬರು ಮಗಳನ್ನು ಎತ್ತಿಕೊಂಡು ಬಂದರು. ಮಗುವಿನ ಕಾಲಿಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿತ್ತು. ಬೂತಿನಾತ ನಮ್ಮ ನಂಬರು ಒತ್ತಿ ರಿಸೀವರು ಅವರ ಕೈಗೆ ಕೊಟ್ಟ. ಅವರು ಸ್ವಲ್ಪ ಹೊತ್ತು ಕೇಳಿ ಎರಡು ಒತ್ತಿದರು. ಮತ್ತೆ ಕೇಳಿ ಏನೋ ಒತ್ತಿದರು. ಮುಖ ಬಾಡಿತು.

“ಏನಂತೆ ಗೌಡ್ರೆ?” ಅಂದ ಬೂತಿನಾತ.

“ಹಸ ಕಟ್ಸೋಕೆ ಒಂದ್ ಒತ್ತಿ, ಕಾಲುಬಾಯಿ ಜ್ವರಕ್ಕೆ ಎರಡ್ ಒತ್ತಿ ಅಂತಾವ್ಳೆ ಕಣ್ಲಾ. ನಾಯಿ ಮಾತೇ ಎತ್ತಕಿಲ್ಲ.”

ನಾನು ಎದ್ದು ಕೇಳಿದೆ, “ನಾಯಿ ಕಚ್ಚಿದ್ದು ಮಗೂಗಾ ಅಣ್ಣ?”

“ಊಂ ಕಣವ್ವ. ಬೆಳಗ್ಗೆ ಕಚ್ಬುಡ್ತು. ಸೂಜಿ ಎಲ್ ಆಕ್ತಾರೆ ಅಂತ ಕೇಳೋವ ಅಂದ್ರೆ ಇದು ದನದ್ ಪುರಾಣ ಯೋಳ್ತಾ ಕುಂತದೆ.”

ನಾಯಿ ಪ್ರಾಣಿ, ಆದ್ದರಿಂದ ಅವರು ಪಶುವಿನ ಬಾಗಿಲು ತಟ್ಟಿದ್ದರು. ಅದರಲ್ಲಿ ತಪ್ಪೇನಿದೆ? ನಮ್ಮಲ್ಲಿ ಆ ವಿಷಯ ಇದ್ದದ್ದು ಆರೋಗ್ಯ ಇಲಾಖೆಯ ಒಳಗೆ, ಕಾರ್ಯಕ್ರಮಗಳು ಎಂಬುದರ ಕೆಳಗೆ, ರೋಗ ನಿರೋಧಕ ಲಸಿಕೆ ಎಂಬುದರ ಮೂಲೆಯಲ್ಲಿ. ಚುಚ್ಚುಮದ್ದು ಆ ದಿನ ಎಲ್ಲಿ ಸಿಗುತ್ತದೆಂದು ನಾನು ಬಾಯಲ್ಲೇ ಹೇಳಿ, ಗಾಯವನ್ನು ಸೋಪು ಹಾಕಿ ತೊಳೆಸಿ, ಬಸ್ಸಿಗೆ ಹತ್ತಿಸಿದೆ. ಬಸ್ಸು ಹೋದ ಮೇಲೆ ಬೂತಿನ ಬೆಂಚಿನ ಮೇಲೆ ಬಂದು ಕೂತೆ. ಮಾಹಿತಿ ನಮ್ಮ ಹತ್ತಿರ ಸರಿಯಾಗಿಯೇ ಇತ್ತು, ಹೇಳುವ ದನಿಯೂ ಚೆನ್ನಾಗಿತ್ತು. ನಾನು ಅಲ್ಲಿ ಇಲ್ಲದಿದ್ದರೆ ಆ ಮನುಷ್ಯ ಮಗುವನ್ನು ಎತ್ತಿಕೊಂಡು ಊರಿಗೆ ವಾಪಸು ಹೋಗಿರುತ್ತಿದ್ದರು.

ಕಚೇರಿಗೆ ಬಂದು ಕಾರ್ಯದರ್ಶಿಗಳಿಗೆ ಹೇಳಿದೆ. ಎಲ್ಲ ಮಾತನ್ನೂ ಜನರ ಪ್ರಶ್ನೆಯ ಪ್ರಕಾರ ಹೊಸದಾಗಿ ಜೋಡಿಸಿ, ಹೊಸದಾಗಿ ಮುದ್ರಿಸಬೇಕು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನೋಡೋಣಮ್ಮ. ಇಲಾಖೆಯವರಿಗೆ ಮಾತು ಕೊಟ್ಟಿದ್ದೀವಿ, ಅವರ ಹೆಸರು ಮೊದಲು ಬರುತ್ತೆ ಅಂತ” ಎಂದರು.

ಅದಾದ ಮೇಲೆ, ಬದಲಾದ ವಿಷಯಗಳ ಮುದ್ರಣಕ್ಕೆ ಬಂದಾಗ ಮೇಡಂ ದನಿ ಕಟ್ಟಿತ್ತು. ನೆಗಡಿ ಇರಬೇಕೆಂದು ಮೆಣಸಿನ ಕಷಾಯ ತರಿಸಿದೆ. ಮುಂದಿನ ಸಲವೂ ಹಾಗೇ ಇತ್ತು. ಪರದೆಯ ಮೇಲೆ ದನಿಯ ಗೆರೆ ಮೂಡುತ್ತದೆ; ಅವರದು ಮೊದಲು ತುಂಬಿದ ಕಾಳಿನಂತೆ ದುಂಡಗಿರುತ್ತಿತ್ತು, ಈಗ ಅಂಚೆಲ್ಲ ಹರಿದಂತೆ ಕಾಣುತ್ತಿತ್ತು. ಆಮೇಲೆ ಕೆಲವು ವಾರ ಅವರು ಬರಲಿಲ್ಲ. ಒಂದು ಮಧ್ಯಾಹ್ನ, ಹೇಳದೆ ಕೇಳದೆ ಬಸ್ಸಿನಲ್ಲಿ ಬಂದರು. ಫ್ಯಾನು ನಿಲ್ಲಿಸುವಂತೆ ಕೈಯಲ್ಲೇ ಸನ್ನೆ ಮಾಡಿ ಕೂತರು.

“ಮೈಸೂರಲ್ಲಿ ತೋರಿಸ್ದೆ ಕಣಮ್ಮ. ಗಂಟಲಲ್ಲಿ ಗಡ್ಡೆ ಇದೆಯಂತೆ. ಕೆಟ್ಟದ್ದೇ ಅಂತೆ. ಧ್ವನಿಪೆಟ್ಟಿಗೇನೇ ತೆಗೀಬೇಕು ಅಂದ್ರು.”

ನಾನು ನೀರು ತಂದು ಅವರ ಮುಂದಿಟ್ಟೆ.

“ಆಮೇಲೆ ಮಾತಿಲ್ಲ. ಅದಕ್ಕೇ ಈಗ ಬಂದೆ. ನೀನು ಏನೋ ಹೊಸದಾಗಿ ಮಾಡ್ಬೇಕು ಅಂತಿದ್ಯಲ್ಲ, ಬೇಗ ಮಾಡು. ನನ್ನ ಹತ್ರ ಇರೋದನ್ನ ತಗೋ.”

“ಬೇಡಿ ಮೇಡಂ. ಬೇರೆ ಯಾರನ್ನಾದ್ರೂ ನೋಡ್ತೀವಿ. ನೀವು ಸುಧಾರಿಸ್ಕೊಳ್ಳಿ.”

“ಸುಧಾರಿಸ್ಕೊಂಡು ಯಾರ ಹತ್ರ ಮಾತಾಡ್ಲಿ? ತರಗತಿಗೆ ಹೋಗೋ ಹಾಗಿಲ್ಲ. ಮನೇಲಿ ಇವ್ರು, ನಾನು ಬಾಯಿ ತೆಗೆದ್ರೆ ಅಳ್ತಾರೆ.”

ಅವರ ಯಜಮಾನರಿಗೆ ಇದು ಇಷ್ಟವಿರಲಿಲ್ಲ. ಮನೆಗೆ ಹೋದಾಗ ಬಾಗಿಲಲ್ಲೇ ನನ್ನನ್ನು ತಡೆದು, “ಯಾರೋ ಫೋನಲ್ಲಿ ಕೇಳೋದಕ್ಕೋಸ್ಕರ ಇವಳ ಗಂಟಲು ಸವೆಸ್ಬೇಕೇನಮ್ಮ?” ಎಂದರು. ಡಾಕ್ಟರನ್ನೇ ಕೇಳೋಣ ಎಂದೆ. ಮೂವರೂ ಸೇರಿ ಮೈಸೂರಿಗೆ ಹೋಗಿ ಡಾಕ್ಟರನ್ನು ಕೇಳಿದೆವು. ಮಾತಾಡಿದರೆ ಗಡ್ಡೆ ಬೆಳೆಯುವುದಿಲ್ಲ, ಆದರೆ ಆಯಾಸವಾಗುತ್ತದೆ, ನೋವು ಬಂದ ಕೂಡಲೇ ನಿಲ್ಲಿಸಬೇಕು ಎಂದರು ಅವರು. ದಾರಿಯುದ್ದಕ್ಕೂ ಯಜಮಾನರು ಬಸ್ಸಿನ ಕಿಟಕಿಯಾಚೆ ನೋಡುತ್ತಿದ್ದರು. ಇಳಿಯುವಾಗ ನನ್ನ ಕಡೆ ತಿರುಗದೆಯೇ, “ಕಚೇರಿಗೆ ಕರೆಸ್ಬೇಡ. ಮನೇಲೇ ಮಾಡ್ಕೋ” ಎಂದರು.

ಹೀಗೆ ನನ್ನ ಕೆಲಸದ ಸ್ವರೂಪವೇ ಬದಲಾಯಿತು. ಮೊದಲು ಮಾತಿಗೆ ಮಿತಿ ಇರಲಿಲ್ಲ. ಈಗ ಒಂದೊಂದು ಪದವನ್ನೂ ಬೇಕೇ ಎಂದು ಕೇಳಿಕೊಳ್ಳಬೇಕಾಯಿತು. ದಾರಿ ತಪ್ಪು ಬಿದ್ದರೆ ಮತ್ತೆ ಮುದ್ರಿಸುವಂತಿಲ್ಲ. ಆದ್ದರಿಂದ ಮಾತಿಗೆ ಮುಂಚೆ ದಾರಿ ಗಟ್ಟಿಯಾಗಬೇಕು. ಜನ ಕೇಳುವ ಪ್ರಶ್ನೆಗಳನ್ನೆಲ್ಲ ಚೀಟಿಗಳಲ್ಲಿ ಬರೆದುಕೊಂಡು ಹೊರಟೆ. ಬೆಳಗೊಳದ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತ ಹೆಂಗಸರಿಗೆ ಒಂದೊಂದೇ ಓದಿ, ಇದನ್ನು ಯಾವುದರ ಜೊತೆ ಇಡುತ್ತೀರಿ ಎಂದು ಕೇಳಿದೆ. ತೊಣ್ಣೂರಿನಲ್ಲಿ ಕೆರೆಯಿಂದ ಬಟ್ಟೆ ಒಗೆದು ಬಂದವರನ್ನು ಕೇಳಿದೆ. ಕರು ಹಾಕುವಾಗ ತೊಂದರೆ, ಹೆರಿಗೆ ನೋವು, ಎರಡನ್ನೂ ಕೆಲವರು ಒಟ್ಟಿಗೇ ಇಟ್ಟರು. “ಎಲ್ಡೂ ತಡಿಯಾ ಕೆಲ್ಸ ಅಲ್ಲ ಕಣವ್ವ” ಎಂದಳು ಒಬ್ಬಾಕೆ. ನನ್ನ ಸ್ವಂತ ತಾಲ್ಲೂಕು ನಾಗಮಂಗಲದ ಕಡೆ ಬಹುಪಾಲು ಮಳೆ ನೆಚ್ಚಿದ ಬೇಸಾಯ. ಅಲ್ಲಿಯವರು ನಾಲೆಯ ಸುದ್ದಿ ಮೊದಲು ಬಂದರೆ “ಇದು ನಮಗಲ್ಲ ಬುಡು” ಎಂದು ಫೋನ್ ಇಡುತ್ತಿದ್ದರು. ನಾಯಿ ಕಚ್ಚಿದ್ದನ್ನು ಅರ್ಧ ಜನ ಕಾಯಿಲೆಯ ಜೊತೆ, ಅರ್ಧ ಜನ ಪ್ರಾಣಿಗಳ ಜೊತೆ ಇಟ್ಟರು. ಹಾಗಾದರೆ ಎರಡು ಬಾಗಿಲಿನಿಂದಲೂ ಅಲ್ಲಿಗೇ ಹೋಗುವಂತೆ ಮಾಡಬೇಕು.

ಈ ಕೆಲಸಕ್ಕೆ ಒಂದು ಹೆಸರಿದೆ, ಇನ್ಫರ್ಮೇಶನ್ ಆರ್ಕಿಟೆಕ್ಚರ್ ಎನ್ನುತ್ತಾರೆ, ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ನಂತರ. ಆಗ ಗೊತ್ತಿದ್ದದ್ದು ಇಷ್ಟೇ: ಅವಸರದಲ್ಲಿರುವವನು ಹೊಸ ಮಾತು ಕಲಿಯುವುದಿಲ್ಲ, ಅವನ ಬಾಯಲ್ಲಿರುವ ಮಾತು ನಮ್ಮ ಬಾಗಿಲ ಮೇಲೆ ಇರಬೇಕು.

ಹೊಸ ಜೋಡಣೆಯನ್ನು ಕಾರ್ಯದರ್ಶಿಗಳ ಮುಂದಿಟ್ಟ ದಿನ ಮೇಡಂ ಕೂಡ ತಾವಾಗಿಯೇ ಬಂದಿದ್ದರು. ಕಾರ್ಯದರ್ಶಿಗಳು ಓದಿ ತಲೆ ಅಲ್ಲಾಡಿಸಿದರು. “ಒಂದೇ ವಿಷಯ ಎರಡು ಕಡೆ ಇದ್ರೆ ಅದು ಅಶಿಸ್ತು. ಮತ್ತೆ ಇಲಾಖೆ ಹೆಸರೇ ಇಲ್ವಲ್ಲ. ನಾಳೆ ಅವರು ಮಾಹಿತಿ ಕೊಡಲ್ಲ ಅಂದ್ರೆ?” ನಾನು ಹೇಮಗಿರಿಯವರ ಕಥೆ ಮತ್ತೆ ಹೇಳಿದೆ. ಅವರದು ಅದೇ ಉತ್ತರ. ಒಂದಷ್ಟು ಹೊತ್ತು ಹೀಗೇ ನಡೆಯಿತು. ಆಗ ಮೇಡಂ ಬಾಯಿಗೆ ಸೆರಗು ಹಿಡಿದು ಕೆಮ್ಮಿ, ಕರಕರ ದನಿಯಲ್ಲಿ ಕೇಳಿದರು:

“ಸಾರ್, ನನ್ನ ಹತ್ರ ಉಳಿದಿರೋ ಮಾತು ಸ್ವಲ್ಪ. ಅದರಲ್ಲಿ ಇಲಾಖೆಗಳ ಹೆಸರು ಹೇಳ್ಲಾ, ಜನಕ್ಕೆ ದಾರಿ ಹೇಳ್ಲಾ? ಎರಡೂ ಆಗಲ್ಲ.”

ಕಾರ್ಯದರ್ಶಿಗಳು ಹಾಳೆಗಳನ್ನು ಮತ್ತೊಮ್ಮೆ ತಿರುವಿ ನೋಡಿದರು. ಆಮೇಲೆ, “ಇಲಾಖೆಯವರ ಹತ್ರ ನಾನು ಮಾತಾಡ್ಕೊಳ್ತೀನಿ. ನೀವು ಮುಂದುವರಿಸಿ” ಎಂದರು. ಅವರು ನಿಜವಾಗಿ ಹೋಗಿ ಮಾತಾಡಿದರು, ಬೈಸಿಕೊಂಡೂ ಬಂದರು ಎಂದು ಆಮೇಲೆ ತಿಳಿಯಿತು.

ಮಾತು ಉಳಿಸಲು ನಾನೊಂದು ಉಪಾಯ ಹೂಡಿದೆ. ಇಡೀ ವಾಕ್ಯ ಮುದ್ರಿಸದೆ ತುಂಡು ತುಂಡಾಗಿ ಮುದ್ರಿಸಿ, ಕಂಪ್ಯೂಟರಿನಿಂದ ಜೋಡಿಸುವುದು. ‘ಒಂದು ಒತ್ತಿ’ ಎಂಬುದು ಒಮ್ಮೆ ಇದ್ದರೆ ಎಲ್ಲ ಕಡೆಗೂ ಆಯಿತು. ಊರಿನ ಹೆಸರು, ವಾರದ ಹೆಸರು ಬೇರೆ ಬೇರೆ; ನಾಳೆ ಡಾಕ್ಟರ ದಿನ ಬದಲಾದರೆ ಆ ತುಂಡನ್ನು ಮಾತ್ರ ಬದಲಿಸಬಹುದು. ಅಂಕಿಗಳು ಹಳೆಯ ಮುದ್ರಣದಲ್ಲೇ ಇದ್ದುದರಿಂದ ಅವನ್ನು ಹಾಗೇ ಉಳಿಸಿಕೊಂಡೆ. ಮೇಡಂಗೆ ಅಷ್ಟು ಶ್ರಮ ತಪ್ಪಿತಲ್ಲ ಎಂದು ಸಮಾಧಾನ.

ಅದನ್ನು ಬೆಳಗೊಳದ ಡೇರಿಯಲ್ಲಿ ಕೇಳಿಸಿದಾಗ ಉಪಾಯ ನೆಲಕಚ್ಚಿತು. ‘ಹಾವು, ನಾಯಿ ಕಚ್ಚಿದ್ದರೆ’ ಎಂಬುದು ಒಡೆದ ದನಿಯಲ್ಲಿ, ‘ಒಂದು ಒತ್ತಿ’ ಎಂಬುದು ತಿಳಿಯಾದ ದನಿಯಲ್ಲಿ. ಕೇಳಿದ ಹೆಂಗಸು ರಿಸೀವರು ಕಿವಿಯಿಂದ ತೆಗೆದು ನೋಡಿದಳು. “ಯಾರೋ ಮಧ್ಯಕ್ ಬಂದ್ರು” ಎಂದು ಇಟ್ಟುಬಿಟ್ಟಳು. ಇನ್ನೊಬ್ಬಾಕೆಯೂ ಹಾಗೇ ಮಾಡಿದಳು. ಅವರ ಮಟ್ಟಿಗೆ ಅದು ಇಬ್ಬರು ಹೆಂಗಸರು.

ಮೇಡಂಗೆ ಹೇಳಲು ಹಿಂಜರಿದೆ. ಆದರೂ ಹೇಳಿದೆ. ಅವರು ಎರಡೂ ದನಿಯನ್ನು ಒಂದರ ಹಿಂದೆ ಒಂದು ಹಾಕಿಸಿ ಕೇಳಿದರು. ಕಣ್ಣು ಮುಚ್ಚಿ ಮತ್ತೊಮ್ಮೆ ಹಳೆಯದನ್ನು ಮಾತ್ರ ಕೇಳಿದರು. “ನಾನು ಇಷ್ಟು ಚೆನ್ನಾಗಿ ಹೇಳ್ತಿದ್ನಾ?” ಎಂದರು. ಪಕ್ಕದ ಕೋಣೆಯಲ್ಲಿ ಯಜಮಾನರು ಎದ್ದು ಹೊರಗೆ ಹೋದ ಸದ್ದಾಯಿತು.

“ಹಳೇದು ತೆಗೆದ್ಬಿಡು” ಎಂದರು ಮೇಡಂ. “ಎರಡು ದನಿ ಇರಬಾರದು. ಕೇಳೋರು ಗಾಬರೀಲಿ ಇರ್ತಾರೆ. ಅಂಕಿನೂ ಈಗಲೇ ಹೇಳ್ತೀನಿ.”

ಒಂದರಿಂದ ಒಂಬತ್ತರವರೆಗೆ ಆ ಒಡೆದ ದನಿಯಲ್ಲಿ ಅವರು ಹೇಳಿದರು. ಪ್ರತಿ ಅಂಕಿಯ ನಂತರ ಉಸಿರು ಹಿಡಿದುಕೊಳ್ಳುತ್ತಿದ್ದರು, ಉಸಿರಿನ ಸದ್ದು ಮುದ್ರಣದಲ್ಲಿ ಬರಬಾರದೆಂದು. ದಿನಕ್ಕೆ ಸ್ವಲ್ಪ ಸ್ವಲ್ಪವೇ ಕೆಲಸ ಸಾಗಿತು. ಮೊದಲು ಪ್ರಶ್ನೆಗಳು, ಆಮೇಲೆ ವಾರಗಳು, ಕಡೆಗೆ ಊರುಗಳು. ಶ್ರೀರಂಗಪಟ್ಟಣ, ಪಾಂಡವಪುರ ತಾಲ್ಲೂಕಿನ ಊರುಗಳು ಮುಗಿದವು. ಕೆ.ಆರ್. ಪೇಟೆಯದೂ ಮುಗಿಯಿತು. ನಾಗಮಂಗಲದ ಮೊದಲ ಹೆಸರಿಗೆ ಬಂದಾಗ ತುಟಿ ಆಡಿತು, ಸದ್ದು ಬರಲಿಲ್ಲ. ನೀರು ಕುಡಿದು ಮತ್ತೆ ನೋಡಿದರು. ಕೈ ಗಂಟಲ ಮೇಲಿತ್ತು. ನೋವನ್ನು ನನ್ನಿಂದ ಮುಚ್ಚಿಡುತ್ತಿದ್ದಾರೆಂದು ಅನ್ನಿಸಿತು.

ಉಳಿದದ್ದು ನನ್ನದೇ ಸೀಮೆಯ ಊರುಗಳು. ಇನ್ನೊಂದು ದಿನ ಕಾದರೆ ಆಗುತ್ತಿತ್ತೋ ಏನೋ. ನಾನು ಮೈಕು ತೆಗೆದು ಚೀಲಕ್ಕೆ ಹಾಕಿದೆ.

“ಇನ್ನೂ ಇದೆಯಲ್ಲಮ್ಮ” ಎಂದರು, ಉಸಿರಿನಲ್ಲೇ.

“ಸಾಕು ಮೇಡಂ. ಆ ಕಡೆಯವರಿಗೆ ‘ತಾಲ್ಲೂಕು ಆಸ್ಪತ್ರೆ’ ಅಂತ ಹೇಳಿಸ್ತೀನಿ. ಅದು ನೀವು ಆಗಲೇ ಹೇಳಿದ್ದೀರಿ. ದಾರಿ ಗೊತ್ತಾಗುತ್ತೆ.”

ಹಾಗೆಯೇ ಮಾಡಿದೆ. ನಾಗಮಂಗಲದವರಿಗೆ ಹತ್ತಿರದ ಊರಿನ ಹೆಸರು ಸಿಗದೆ ತಾಲ್ಲೂಕಿನವರೆಗೆ ಬರಬೇಕಾಯಿತು. ಆ ಕೊರತೆ ನನಗೆ ಗೊತ್ತಿತ್ತು.

ಹೊಸ ಜೋಡಣೆ ಶುರುವಾದಾಗ ಮೇಡಂ ಆಸ್ಪತ್ರೆಯಲ್ಲಿದ್ದರು. ಮೊದಲ ದಿನಗಳಿಂದಲೇ ಕರೆಗಳು ಕೊನೆಯವರೆಗೂ ಹೋಗತೊಡಗಿದವು. ಹಾವು ಕಚ್ಚಿದವರು, ಹಸು ಕರು ಹಾಕಲಾರದೆ ಗಾಬರಿಯಾದವರು, ನಾಲೆಯ ನೀರು ಕಾಯುವವರು, ಎಲ್ಲರೂ ಒಂದೆರಡು ಗುಂಡಿಯಲ್ಲಿ ತಲುಪುತ್ತಿದ್ದರು. ಒಡೆದ ದನಿಯ ಬಗ್ಗೆ ಯಾರೂ ದೂರಲಿಲ್ಲ. “ಆ ಅಜ್ಜಿ ಚೆಂದಾಗ್ ಯೋಳ್ತದೆ” ಎಂದ ಕೆ.ಆರ್. ಪೇಟೆಯ ಬೂತಿನಾತ. ಮೇಡಂಗೆ ಆಗ ಐವತ್ತೂ ತುಂಬಿರಲಿಲ್ಲ.

ಶಸ್ತ್ರಚಿಕಿತ್ಸೆಯ ನಂತರ ಅವರು ಒಮ್ಮೆ ಕಚೇರಿಗೆ ಬಂದರು, ಕತ್ತಿಗೆ ತೆಳ್ಳನೆಯ ಬಟ್ಟೆ ಸುತ್ತಿಕೊಂಡು. ರಿಸೀವರು ಹಿಡಿದು ಒಂದೊಂದೇ ಗುಂಡಿ ಒತ್ತಿ ಪೂರ್ತಿ ಕೇಳಿದರು. ಮುಖದಲ್ಲಿ ಏನೂ ತೋರಲಿಲ್ಲ. ಆಮೇಲೆ ನನ್ನ ಪೆನ್ನು ತೆಗೆದುಕೊಂಡು ಬರೆದರು: ‘ಎರಡು ಒತ್ತಿ ಅಂದ ಮೇಲೆ ಇನ್ನೂ ಸ್ವಲ್ಪ ಬಿಡುವು ಕೊಡು. ವಯಸ್ಸಾದವರು ಗುಂಡಿ ಹುಡುಕಬೇಕು.’ ಆ ಬಿಡುವನ್ನು ಅವರ ಎದುರಿಗೇ ಹಾಕಿದೆ. ಮತ್ತೆ ಕೇಳಿ ತಲೆದೂಗಿದರು. ನನ್ನ ಕೆನ್ನೆ ತಟ್ಟಿ ಮೆಟ್ಟಿಲಿಳಿದರು. ಗಡ್ಡೆ ಮತ್ತೆ ಬಂದಿತ್ತು ಎಂದು ತಿಳಿದದ್ದು ಆಮೇಲೆ. ಮುಂದಿನ ಬೇಸಿಗೆಗೆ ಅವರು ಇರಲಿಲ್ಲ.

ಮಾಹಿತಿ ಎಂಬುದು ನಿಲ್ಲುವ ವಸ್ತುವಲ್ಲ. ಡಾಕ್ಟರು ಬರುವ ಊರು ಬದಲಾಯಿತು, ಹೊಸ ಆಸ್ಪತ್ರೆ ಬಂತು, ಹೊಸ ಪ್ರಶ್ನೆಗಳು ಬಂದವು. ಬದಲಿಸಲೆಂದೇ ತುಂಡು ಮಾಡಿದ್ದೆನಲ್ಲ. ಒಂದೊಂದಾಗಿ ಅವರ ತುಂಡು ತೆಗೆದು, ಟ್ರಸ್ಟಿಗೆ ಹೊಸದಾಗಿ ಸೇರಿದ್ದ ಹೆಂಗಸಿನ ದನಿ ಇಡುತ್ತ ಹೋದೆ. ಎರಡು ದನಿ ಸೇರಿದ ಪ್ರತಿ ಕಡೆಯೂ ಕೆಲವರು ಫೋನ್ ಇಡುತ್ತಿದ್ದರು. ಎಷ್ಟು ದಿನ ಹೀಗೆ ನಡೆಸಲಿ? ಎಲ್ಲವನ್ನೂ ಒಂದೇ ಹೊಸ ದನಿಗೆ ಬದಲಿಸಬೇಕೆಂದು ನಿರ್ಧರಿಸಿ, ಹೇಳಿಬರಲು ಶ್ರೀರಂಗಪಟ್ಟಣಕ್ಕೆ ಹೋದೆ.

ಯಜಮಾನರು ದೇವಸ್ಥಾನದಿಂದ ಆಗತಾನೇ ಬಂದಿದ್ದರು. ಪ್ರಸಾದ ಕೊಟ್ಟು ಕೂರಿಸಿದರು. ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

“ಎರಡು ದನಿ ಇರಬಾರದು ಅಂದವಳು ಅವಳೇ ಅಲ್ವೇನಮ್ಮ. ಮಾಡು.”

“ನಿಮಗೆ ಒಂದು ಕ್ಯಾಸೆಟ್ ಮಾಡಿಕೊಡ್ಲಾ?”

ಅವರು ಬೇಡವೆಂದು ಕೈಯಾಡಿಸಿದರು. “ಆ ನಂಬರಿಗೆ ನಾನು ಒಂದ್ಸಲಾನೂ ಫೋನ್ ಮಾಡ್ಲಿಲ್ಲ. ಮಾಡಿದ್ರೆ ಒತ್ತು ಅಂತಾಳೆ. ನನಗೆ ಬೇಕಾದ್ದಕ್ಕೆ ನಾನು ಯಾವುದು ಒತ್ತಲಿ?”

ಆ ವಾರ ಹೊಸ ದನಿಯನ್ನು ಪೂರ್ತಿ ಕೂರಿಸಿದೆ. ಅಂಕಿಗಳನ್ನು ಕಡೆಗೆ ಬದಲಿಸಿದೆ. ದಾರಿಯನ್ನು ಮುಟ್ಟಲಿಲ್ಲ, ನಾಯಿಗೆ ಎರಡು ಬಾಗಿಲೂ ಹಾಗೇ ಇದ್ದವು, ಎರಡರ ನಂತರದ ಬಿಡುವೂ ಹಾಗೇ ಇತ್ತು. ಮಾರನೆಯ ದಿನ ಕರೆಗಳು ಬಂದವು. ಪರದೆಯ ಮುಂದೆ ಕೂತು ನೋಡಿದೆ. ಎಲ್ಲರೂ ಒತ್ತಿದರು, ಕೇಳಿದರು, ತಲುಪಿದರು, ಇಟ್ಟರು. ಕೆಲಸ ಸರಿಯಾಗಿತ್ತು. ಸಂಜೆ ಬೂತುಗಳಿಗೆ ನಾನೇ ಫೋನ್ ಮಾಡಿ, ಜನ ಏನಾದರೂ ಅಂದರೇ ಎಂದು ವಿಚಾರಿಸಿದೆ. ಆ ಅಜ್ಜಿ ಎಲ್ಲಿ ಎಂದು ಒಬ್ಬರಾದರೂ ಕೇಳಿರಬಹುದು ಎಂದುಕೊಂಡಿದ್ದೆ.

“ಏನೂ ಇಲ್ಲ ಕಣಕ್ಕ” ಎಂದರು ಎಲ್ಲರೂ. “ಚೆನ್ನಾಗ್ ಕೇಳಿಸ್ತಾದೆ.”